ನಜ್ರಾನಿನಲ್ಲಿ ಸಿಕ್ಕ ಹಾಖ್

ಸೌದಿ ಅರೇಬಿಯಾದ ನಜ್ರಾನಿನ ನೀರು ಶುದ್ಧೀಕರಣ ಘಟಕವೊಂದರಲ್ಲಿ ನಾನು ಕೆಲಸಕ್ಕಿದ್ದಾಗ ನನ್ನ ಮೇಲಧಿಕಾರಿ ಸ್ಕಾಟ್ಲೆಂಡಿನವರು. ಮಾತು ಕಡಿಮೆ. ಆಡಿದರೆ ಒಂದೇ ವಿಷಯ: ಊರಲ್ಲಿ ಅವರಿಗಿದ್ದ ಹೊಳೆಬದಿಯ ಹುಲ್ಲುಗಾವಲು. ಅಂಥ ತಗ್ಗು ಜಾಗಕ್ಕೆ ಅವರ ಕಡೆ ‘ಹಾಖ್’ ಎನ್ನುತ್ತಾರಂತೆ. ಕೊನೆಯ ಅಕ್ಷರ ಗಂಟಲ ತಳದಿಂದ ಬರಬೇಕು. ನಮ್ಮ ಸೌದಿ ಸಹೋದ್ಯೋಗಿಗಳು ಮೊದಲ ಸಲಕ್ಕೇ ಸರಿಯಾಗಿ ಹೇಳಿದರು. ನನಗೆ ಕೆಮ್ಮು ಬಂತು.

“ಗಡಿ ದಾಟಿದರೆ ಇಂಗ್ಲೆಂಡಿನವರು ಅದನ್ನೇ ಹಾಫ್ ಅಂತಾರೆ. ಅವರಿಗೂ ಗಂಟಲಿಲ್ಲ,” ಎಂದು ಅವರು ನನ್ನನ್ನು ಸಮಾಧಾನಪಡಿಸಿದರು.

ಜಾಗ ಎಂಥದ್ದೆಂದು ತಿಳಿಯಲು ನನಗೆ ಕಷ್ಟವಾಗಲಿಲ್ಲ. ನಾನು ಕುಂದಾಪುರದ ಕಡೆಯವನು. ನಮ್ಮ ಬೈಲುಗದ್ದೆಗೂ ವರ್ಷಕ್ಕೊಮ್ಮೆ ನೆರೆ ಹತ್ತುತ್ತಿತ್ತು. ಇಳಿದ ಮೇಲೆ ಒಳ್ಳೆಯ ಮಣ್ಣನ್ನೂ ಯಾರದೋ ಒಂದು ಚಪ್ಪಲಿಯನ್ನೂ ಬಿಟ್ಟುಹೋಗುತ್ತಿತ್ತು. ಅವರಲ್ಲಿ ನೆರೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ದನ ಮೇಯುತ್ತವೆ.

ಒಂದು ದಿನ ಚಹಾ ಕುಡಿಯುತ್ತ ಅವರು, “ಅಣ್ಣ ಹಾಖ್ ಮಾರೋಣ ಅಂತಿದ್ದಾನೆ. ಕೊಳ್ಳುವವರು ಅಲ್ಲಿ ಮನೆ ಕಟ್ಟುತ್ತಾರಂತೆ. ನಾನೂ ಒಪ್ಪಬೇಕು,” ಎಂದರು.

“ನೆರೆ ಬರುವಲ್ಲಿ ಮನೆಯಾ ಸರ್?”

“ಈಗೀಗ ಬರುತ್ತಿಲ್ಲ ಅಂತಾನೆ. ನಾನು ಅಲ್ಲಿಲ್ಲ. ಇಲ್ಲ ಅನ್ನೋದು ಹೇಗೆ?”

ಆ ಶುಕ್ರವಾರ ಊರಾಚೆ ವಾದಿಯ ಬದಿಗೆ, ಅಂದರೆ ಮಳೆ ಬಿದ್ದರಷ್ಟೇ ಹರಿಯುವ ಒಣ ಹೊಳೆಯ ದಂಡೆಗೆ, ಊಟಕ್ಕೆ ಹೋದೆವು. ಜೊತೆಗೆ ನನ್ನ ಸ್ನೇಹಿತರಾದ ಭಟ್ಕಳದ ಸಾಹೇಬರು. ನಜ್ರಾನಿನಲ್ಲಿ ಬಟ್ಟೆ ಅಂಗಡಿ ಇಟ್ಟು ಕೂದಲು ನರೆದವರು. ಬಿರಿಯಾನಿ ಅವರ ಮನೆಯದು, ಪಾತ್ರೆ ಅವರ ಅತ್ತೆಯದು. ಖರ್ಜೂರದ ಮರಗಳ ನಡುವೆ ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಹಸಿರಾಗಿ ಬೆಳೆದಿತ್ತು. ಮೇಲಧಿಕಾರಿ ನೆಲವನ್ನು ಕಾಲಿನಿಂದ ಒತ್ತಿ ನೋಡಿ, “ಇದು ಹಾಖ್,” ಎಂದರು.

“ಎಂತ ಹೇಳಿದ್ರು?” ಎಂದು ಸಾಹೇಬರು ಕೇಳಿದರು.

“ಬೈಲು ಅಂದ್ರು.”

“ನೀರೇ ಇಲ್ಲ, ಬೈಲು ಎಲ್ಲಿಂದ ಮಾರಾಯ್ರೆ!” ಎಂದು ಅವರು ಚಾಪೆ ಹಾಸಿದರು.

ದೂರದ ಬೆಟ್ಟಗಳ ಮೇಲೆ ಕಪ್ಪು ಮೋಡವಿತ್ತು. ನಮ್ಮ ತಲೆಯ ಮೇಲೆ ಬಿಸಿಲು. ಮುಚ್ಚಳ ತೆಗೆಯುವಷ್ಟರಲ್ಲಿ ಒಬ್ಬ ಮುದುಕ ರೈತ ಪಿಕಪ್ಪಿನಲ್ಲಿ ಹಾರನ್ ಬಾರಿಸುತ್ತ ಬಂದ. “ಸೈಲ್! ಸೈಲ್! ಯಲ್ಲಾ!” ಎಂದು ಕೂಗಿ ನಮ್ಮ ಕಾರು ನಿಂತಿದ್ದ ಮೇಲಿನ ರಸ್ತೆ ತೋರಿಸಿದ. ಸೈಲ್ ಎಂದರೆ ನೆರೆ, ಯಲ್ಲಾ ಎಂದರೆ ಬೇಗ ಹೊರಡಿ. ಸಾಹೇಬರು ಓಡಿದರು, ನಾನೂ ಓಡಿದೆ. ಮೇಲಧಿಕಾರಿ ನಡೆದುಕೊಂಡೇ ಬಂದರು. ಪಾತ್ರೆಯನ್ನು ಇನ್ನೊಬ್ಬರು ತರುತ್ತಾರೆಂದು ಮೂವರೂ ನಂಬಿದ್ದೆವು.

ನೀರು ಮೊದಲು ಸದ್ದಾಗಿ ಬಂತು, ಆಮೇಲೆ ಕಂದು ಬಣ್ಣವಾಗಿ. ಕಸಕಡ್ಡಿ, ಮರದ ಕೊಂಬೆ, ಒಂದು ಪ್ಲಾಸ್ಟಿಕ್ ಕುರ್ಚಿ. ನಾವು ಕುಳಿತಿದ್ದ ಜಾಗ ಕಾಣದಾಯಿತು. ಬಿರಿಯಾನಿ ಪಾತ್ರೆ ಮುಚ್ಚಳ ಸಮೇತ ತೇಲುತ್ತ, ತಿರುಗುತ್ತ, ಮರ್ಯಾದೆಯಿಂದ ಹೊರಟುಹೋಯಿತು.

“ಅತ್ತೆಗೆ ಎಂತ ಹೇಳುದು ನಾನು?” ಎಂದರು ಸಾಹೇಬರು.

ಮೇಲಧಿಕಾರಿಗೆ ಅದು ಕೇಳಿಸಲಿಲ್ಲ. ಅವರು ಟೋಪಿ ತೆಗೆದು ನಿಂತಿದ್ದರು. “ಇದೇ ವಾಸನೆ. ಅಪ್ಪ ಕರುಗಳನ್ನು ದಿಬ್ಬಕ್ಕೆ ಹತ್ತಿಸುವಾಗ ಇದೇ ವಾಸನೆ ಇರುತ್ತಿತ್ತು,” ಎಂದರು. ಕಣ್ಣು ಒದ್ದೆಯಾಗಿತ್ತು. ಧೂಳೂ ಇತ್ತು.

ಕಾರಿನಲ್ಲಿ ಕುಳಿತೇ ಅಣ್ಣನಿಗೆ ಫೋನ್ ಮಾಡಿದರು. ಅವರ ಇಂಗ್ಲಿಷು ನನಗೆ ಮುಕ್ಕಾಲು ಭಾಗ ಅರ್ಥವಾಗಲಿಲ್ಲ. ಅಣ್ಣತಮ್ಮಂದಿರು ಜಾಗದ ವಿಷಯಕ್ಕೆ ಜಗಳವಾಡುವುದು ಮಾತ್ರ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಕೊನೆಗೆ, “ಮಾರುವುದಿಲ್ಲ,” ಎಂದು ಫೋನ್ ಇಟ್ಟರು. ಆಮೇಲೆ ಹಸಿವಾಗುತ್ತಿದೆ ಎಂದರು. ಸಾಹೇಬರ ಕೋಪವಿನ್ನೂ ಇಳಿದಿರಲಿಲ್ಲ. ಆದರೂ ಕಾರು ಹೋಟೆಲಿನ ಕಡೆಗೇ ತಿರುಗಿಸಿದರು.

ಮರುವರ್ಷ ಮೇಲಧಿಕಾರಿ ಕೆಲಸ ಬಿಟ್ಟು ಊರಿಗೆ ಹೋದರು. ಆಗಾಗ ಫೋನ್ ಮಾಡುತ್ತಾರೆ. ಹಾಖಿನಲ್ಲಿ ಮನೆಗಳಿಲ್ಲ, ದನಗಳಿವೆ. ಹೋದ ಚಳಿಗಾಲ ನೀರು ಹತ್ತಿ ಬೇಲಿ ಕೊಚ್ಚಿಹೋಯಿತಂತೆ.

“ಅಣ್ಣ ಏನಂದರು ಸರ್?” ಎಂದು ಕೇಳಿದೆ.

“ಏನೂ ಇಲ್ಲ. ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ,” ಎಂದರು. “ಬೆಳಿಗ್ಗೆ ಸುತ್ತಿಗೆ ತರುತ್ತಾನೆ. ನಾನು ಬೇಲಿಯ ಗೂಟ ಹಿಡಿಯುತ್ತೇನೆ. ಸಂಜೆಗೆ ಇಬ್ಬರೂ ಮನೆಗೆ ಹೋಗುತ್ತೇವೆ.”