ಎಸ್ತೇರವ್ವನ ರೊಟ್ಟಿ ಎಮ್ಮೆಗೆ ಹಾಕಿದ ಕಥೆ

ಟೀಚರ್ ಕೆಲಸಕ್ಕೆಂದು ವಿಜಯಪುರಕ್ಕೆ ಬಂದ ಮೂರನೇ ದಿನವೇ ಮನೆಯೊಡತಿಯ ಒಂದು ಬುಟ್ಟಿ ರೊಟ್ಟಿಯನ್ನು ನಾನು ಪಕ್ಕದ ಮನೆಯ ಎಮ್ಮೆಗೆ ತಿನ್ನಿಸಿಬಿಟ್ಟೆ. ಕೆಟ್ಟ ಬುದ್ಧಿಯಿಂದಲ್ಲ ಮಾರಾಯ್ರೇ, ಉಪಕಾರ ಮಾಡಲು ಹೋಗಿ.

ಕುಂದಾಪುರದ ನಮಗೆ ಅನ್ನ, ಮೀನು ಬಿಟ್ಟರೆ ಬೇರೆ ಊಟ ಗೊತ್ತುಂಟೇ? ಹಪ್ಪಳದಂತೆ ಒಣಗಿ, ಮುಟ್ಟಿದರೆ ಮುರಿಯುವ ರೊಟ್ಟಿ ಕಂಡರೆ ನೀವಾದರೂ ಏನೆಂದುಕೊಳ್ಳುತ್ತಿದ್ದಿರಿ? ಪಾಪ, ರೊಟ್ಟಿ ಕೆಟ್ಟದ್ದು ಮುದುಕಿಯ ಕಣ್ಣಿಗೆ ಕಂಡಿಲ್ಲ ಎಂದುಕೊಂಡು ಎಲ್ಲವನ್ನೂ ನೀರಲ್ಲಿ ನೆನೆಸಿ ಎಮ್ಮೆಯ ಮುಂದಿಟ್ಟೆ. ಅದು ಖಡಕ್ ರೊಟ್ಟಿ, ತಿಂಗಳುಗಟ್ಟಲೆ ಇರಲೆಂದು ಬೇಕಂತಲೇ ಒಣಗಿಸಿಡುವ ಜೋಳದ ರೊಟ್ಟಿ ಎಂದು ನನಗೆ ಹೇಳಿದವರಾರು?

ಮನೆಯೊಡತಿ ಎಸ್ತೇರವ್ವ ಟಿಕೋಟಾದಲ್ಲಿ ಹುಟ್ಟಿ, ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಲೇ ವಯಸ್ಸು ಕಳೆದು, ಸೊಲ್ಲಾಪುರ ರಸ್ತೆಯ ಓಣಿಯೊಂದರಲ್ಲಿ ನೆಲೆಸಿದವರು. ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ. ಸಭಾಪಾಲಕರ ಪ್ರಸಂಗ, ಅಂದರೆ ಉಪದೇಶ, ಉದ್ದವಾದರೆ ಕನ್ನಡಕದ ಡಬ್ಬಿಯನ್ನು ಟಪ್ಪೆಂದು ಮುಚ್ಚುವರು. ಸಭಾಪಾಲಕರು ತಕ್ಷಣ ಆಮೆನ್ ಅನ್ನುವರು. ಅವರನ್ನು ಭೂಮಿಗೆ ತಂದದ್ದೂ ಈ ಕೈಗಳೇ ಅಲ್ಲವೇ!

ಆ ಶನಿವಾರ ಚರ್ಚಿನ ಕಸ ಗುಡಿಸಿ ಬಂದವರು ಖಾಲಿ ಬುಟ್ಟಿ ನೋಡಿದರು.

"ರೊಟ್ಟಿ ಎಲ್ಲಿ ಹೋದೂವು ಬೇ?"

'ಬೇ' ಎಂದರೆ ಇಲ್ಲಿ ಹೆಂಗಸರನ್ನು ಸಲುಗೆಯಿಂದ ಕರೆಯುವ ಮಾತು. ನಾನೋ ಜಗಳವೆಂದೇ ತಿಳಿದು, ಎಮ್ಮೆಯತ್ತ ಕೈ ತೋರಿಸಿದೆ.

"ಯಪ್ಪಾ, ಯೇಸಪ್ಪಾ! ನಾಳಿ ಚರ್ಚಿನ ಊಟಕ್ಕಂತ ಎಂಟ ದಿನದ ಹಿಂದನ ಬಡದಿಟ್ಟಿದ್ದೆ. ನಲವತ್ತ ವರ್ಷದಾಗ ಒಮ್ಮಿನೂ ನನ್ನ ರೊಟ್ಟಿ ತಪ್ಪಿಲ್ಲ. ಈಗ ಎಮ್ಮಿ ತಿಂತು ಅಂತ ಹೇಳ್ಲೇನು?"

ಮನೆ ಬಿಡಿಸುತ್ತಾರೆಂದು ನಾನು ಬಟ್ಟೆ ಕಟ್ಟತೊಡಗಿದೆ. ಎಸ್ತೇರವ್ವ ಬಾಗಿಲಲ್ಲಿ ನಿಂತು ಗದರಿದರು: "ಗಂಟ ಆಮ್ಯಾಲೆ ಕಟ್ಟೀಯಂತ. ಮೊದಲ ಹಿಟ್ಟ ನಾದು!"

ಓಣಿಯ ಹೆಂಗಸರೆಲ್ಲ ಬಂದರು. ಎಮ್ಮೆಯ ಒಡತಿ ನೀಲವ್ವ ತಾನೇ ತಿಂದವಳಂತೆ ಮುಖ ಮಾಡಿಕೊಂಡು ಎರಡು ಹಂಚು ತಂದಳು. ಸಂಜೆಯವರೆಗೆ ಟಪಟಪ ಬಡಿದದ್ದೇ ಬಡಿದದ್ದು. ನನ್ನ ರೊಟ್ಟಿ ನೋಡಿ ಎಸ್ತೇರವ್ವ, "ಇದನ್ನ ಎಮ್ಮಿನೂ ಮೂಸಂಗಿಲ್ಲ" ಎಂದರು.

ಮರುದಿನ ಊಟದಲ್ಲಿ, ರೊಟ್ಟಿ ಯಾಕೆ ಮೆತ್ತಗಿದೆ ಎಂದು ಯಾರೋ ಕೇಳಿಯೇಬಿಟ್ಟರು. "ಹಲ್ಲಿಲ್ಲದವರೂ ದೇವರ ಮಕ್ಕಳ ಅಲ್ಲೇನ್ರಿ?" ಎಂದರು ಎಸ್ತೇರವ್ವ. ನನ್ನತ್ತ ನೋಡಲೂ ಇಲ್ಲ.

ಆರು ವರ್ಷ ಅದೇ ಮನೆಯಲ್ಲಿದ್ದೆ. ಹಗಲು ಶಾಲೆಯಲ್ಲಿ ನಾನು ಟೀಚರು, ಸಂಜೆ ಹಂಚಿನ ಮುಂದೆ ದಡ್ಡ ವಿದ್ಯಾರ್ಥಿನಿ. ಕಳೆದ ಚಳಿಗಾಲದಲ್ಲಿ ಎಸ್ತೇರವ್ವ ತೀರಿಕೊಂಡರು. ಚರ್ಚಿನಲ್ಲಿ ಪ್ರಸಂಗ ಮುಗಿಯಲೇ ಇಲ್ಲ, ಡಬ್ಬಿ ಮುಚ್ಚುವವರಿರಲಿಲ್ಲ. ನನಗೆ ಬಹಳ ದುಃಖವಾಯಿತು.

ಅವರು ಬಡಿದಿಟ್ಟ ಕೊನೆಯ ಕಟ್ಟು ರೊಟ್ಟಿಯನ್ನು ರಜೆಗೆ ಊರಿಗೆ ಒಯ್ದೆ, ದಿನಕ್ಕೊಂದರಂತೆ ತಿನ್ನೋಣವೆಂದು. ಮರುದಿನ ಮಿಂದು ಬಂದು ನೋಡಿದರೆ ಕಟ್ಟು ಮಾಯ!

"ರೊಟ್ಟಿ ಎಲ್ಲಿ ಹೋದೂವು ಬೇ?" ಎಂದು ಕಿರುಚಿದೆ.

ಅಮ್ಮ ಕಣ್ಣರಳಿಸಿದಳು. "ಒಣಗಿ ಹೋಗಿತ್ತಲ್ದಾ, ನೆನ್ಸಿ ದನಕ್ಕೆ ಹಾಕ್ದೆ. ನೀನ್ ಯಾವ ಊರಿನವಳಾದೆ ಮಾರಾಯ್ತಿ?"

ನಗು ಬಂತು, ಹಿಂದೆಯೇ ಅಳು. ಅಮ್ಮನನ್ನು ಹಿಡಿದುಕೊಂಡು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, ಚೀಲದಿಂದ ಜೋಳದ ಹಿಟ್ಟು ತೆಗೆದು ಅವಳ ಮುಂದಿಟ್ಟೆ.

"ಮೊದಲ ಹಿಟ್ಟ ನಾದು!"