ಫ್ಯಾಕ್ಸ್ ಹೋಗದ ದಿನ

ಬಾಗಲಕೋಟೆಯ ಮನೆಯಲ್ಲೇ ಕುಳಿತು ನಾನು ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರಿಗೆ ಇಂಗ್ಲಿಷ್ ಪತ್ರ ಬರೆದುಕೊಡುತ್ತಿದ್ದೆ. ಅವರು ಫೋನಿನಲ್ಲಿ ವಿಷಯ ಹೇಳುತ್ತಿದ್ದರು. ಸಂಜೆ ನಾನು ಪತ್ರವನ್ನು ಎಸ್‌ಟಿಡಿ ಬೂತಿನಿಂದ ಅವರಿಗೆ ಫ್ಯಾಕ್ಸ್ ಮಾಡುತ್ತಿದ್ದೆ. ಅವರದು ಒಂದೇ ಷರತ್ತು: "ನೀವು ಕಣ್ಣಿಗೆ ಕಾಣೂದಿಲ್ಲ ನೋಡ್ರಿ ಅಕ್ಕಾರ. ತಡ ಆಗೂದಿದ್ರ ಯಾಕಂತ ಹೇಳಿಬಿಡ್ರಿ."

ಒಂದು ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ, ನಾನು ಫೋನ್ ಹಿಡಿದು ಬರೆದುಕೊಳ್ಳುವುದನ್ನು ಕಂಡು, ಮೊದಲು ಲೈನ್ ಕಟ್ ಮಾಡಿದರು. "ರೊಟ್ಟಿ ಬಡಿಯೂದು ಬಿಟ್ಟು ಯಾವನ ಕೂಡ ಹರಟಿ ನಿಂದು?" ಎಂದು ರಿಸೀವರ್ ಕಿತ್ತುಕೊಂಡು ಅದರಿಂದಲೇ ಹಣೆಗೆ ಹೊಡೆದರು. ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದರು. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಅರ್ಧ ಬರೆದ ಹಾಳೆಯ ಮೇಲೆ ರಕ್ತ ಹನಿಯಿತು. ಶಾಯಿ ಅದರಲ್ಲಿ ನಿಧಾನವಾಗಿ ಕದಡಿತು.

ರಿಸೀವರ್ ಒಡೆದುಹೋಗಿತ್ತು. ಅವರು ಹೊರಹೋದ ಮೇಲೆ ಸೆರಗನ್ನು ಹಣೆಗೆ ಒತ್ತಿಕೊಂಡು ಬೂತಿಗೆ ನಡೆದು ವ್ಯಾಪಾರಿಗೆ ಫೋನ್ ಮಾಡಿದೆ.

"ಇವತ್ತ ಪತ್ರ ಆಗೂದಿಲ್ರಿ."

"ಯಾಕ್ರಿ ಅಕ್ಕಾರ?"

ತವರಿನವರಿಗೂ ನೆರೆಯವರಿಗೂ ಇಷ್ಟು ವರ್ಷ ಬಚ್ಚಲಲ್ಲಿ ಜಾರಿಬಿದ್ದೆ ಎಂದೇ ಹೇಳಿದ್ದೆ.

"ನಮ್ಮ ಮನಿಯವ್ರು ಹೊಡದಾರ್ರಿ. ಹಣಿ ಒಡದೈತಿ."

"ಪತ್ರ ಇರ್ಲಿ ಬಿಡ್ರಿ. ಮೊದ್ಲ ದವಾಖಾನಿಗೆ ಹೋಗ್ರಿ."

ಹೋದೆ. ಏನಾಯಿತೆಂದು ಡಾಕ್ಟರು ಕೇಳಿದಾಗ, ಎರಡನೇ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ.