ವಕೀಲರಿಗೆ ಪಾಠ ಮಾಡುವವಳು

ನನ್ನ ಮೇಜಿನ ಮೇಲೆ ಖಾಲಿ ಫ್ರೇಮೊಂದು ಬಂದು ಕೂತಿದೆ. ಉಡುಪಿಯ ಅಂಗಡಿಯವರು ಅವಸರದಲ್ಲಿ ವಾರ್ನಿಶ್ ಬಳಿದು ಕೊಟ್ಟದ್ದರಿಂದ ಮನೆಯೆಲ್ಲ ಅದರದೇ ವಾಸನೆ. ಹೆಂಡತಿ ಬಾಗಿಲಿನಲ್ಲೇ ಮೂಗು ಮುಚ್ಚಿಕೊಂಡು, "ಇದರ ಒಳಗೆ ಹಾಕುವ ಕಾಗದ ಎಲ್ಲಿ?" ಎಂದು ಕೇಳಿ ಹೋದಳು. ಅದೇ ಇಲ್ಲವಲ್ಲ! ನಮ್ಮ ಊರಿನ ಸನ್ಮಾನ ನಿಮಗೆ ಗೊತ್ತೇ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಇಷ್ಟಾದರೆ ಮುಗಿಯುವುದಿಲ್ಲ. ಸನ್ಮಾನಪತ್ರವನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಬೇಕು, ಸನ್ಮಾನಿತರು ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ನಮ್ಮ ಕಾನೂನು ಕಾಲೇಜಿನಲ್ಲಿ ಅದನ್ನು ಬರೆಯುವ ಕೆಲಸ ಮೊದಲಿನಿಂದಲೂ ನನ್ನದು. ಯಾರು ನಿವೃತ್ತರಾದರೂ ನನ್ನ ಲೇಖನಿಯಲ್ಲಿ ಅವರು ಜ್ಞಾನನಿಧಿಗಳಾಗಿಯೇ ಮನೆಗೆ ಹೋಗುತ್ತಾರೆ.

ಈ ಸಲ ನಿವೃತ್ತರಾಗುತ್ತಿರುವವರು ಫ್ಲೋರಿನ್ ಮೇಡಂ. ಕೌಟುಂಬಿಕ ಕಾನೂನಿನ ಪ್ರಾಧ್ಯಾಪಕಿ, ನನಗಿಂತ ಹಿರಿಯರು. ಅವರ ಸಾಧನೆಗಳಿಗೇನೂ ಬರವಿಲ್ಲ. ಪಿಎಚ್.ಡಿ., ಪುಸ್ತಕಗಳು, ಮಣಿಪಾಲದ ವಿಚಾರಸಂಕಿರಣಗಳಲ್ಲಿ ಪ್ರಬಂಧಗಳು, ಕಾರ್ಕಳದಿಂದ ಕಾಪುವಿನವರೆಗೆ ಕಾನೂನು ಅರಿವು ಶಿಬಿರಗಳು. ಎಲ್ಲವನ್ನೂ ಒಂದರ ಕೆಳಗೊಂದು ಬರೆದು ನೋಡಿದೆ. ಯಾರದೋ ಉದ್ಯೋಗದ ಅರ್ಜಿಯ ಹಾಗೆ ಕಂಡಿತು. ಹರಿದು ಹಾಕಿದೆ. ಬೆಳಿಗ್ಗೆ ಅವರೇ ಫೋನು ಮಾಡಿ, "ಎಂತ ಬರೀತಾ ಇದ್ದೀರಿ ಮಾರಾಯ್ರೆ? ಆ ಸರಸ್ವತಿಯ ವರಪುತ್ರಿ ಎಲ್ಲ ಬೇಡ ಆಯ್ತಾ, ಸ್ಟೇಜಿನ ಮೇಲೆ ಕೂತವಳಿಗೆ ನಗೆ ತಡೀಲಿಕ್ಕೆ ಆಗುದಿಲ್ಲ" ಎಂದಿದ್ದರು. ನನ್ನ ಅರ್ಧ ಶಬ್ದಭಂಡಾರ ಅಲ್ಲಿಗೇ ಖಾಲಿ.

ಕಾನೂನು ಮೇಷ್ಟ್ರುಗಳ ಬಗ್ಗೆ ನಿಮಗೊಂದು ಮಾತು ಹೇಳಬೇಕು. ನಾವು ಕೋರ್ಟಿನಲ್ಲಿ ಗುಡುಗುತ್ತೇವೆಂದು ಜನ ತಿಳಿದಿದ್ದಾರೆ. ಆದರೆ ನಮ್ಮಂಥ ಪೂರ್ಣಾವಧಿ ಸಂಬಳದ ಅಧ್ಯಾಪಕರು ವಕೀಲಿ ಮಾಡುವಂತಿಲ್ಲ. ಜೀವನವಿಡೀ ಅಡುಗೆ ಕಲಿಸುತ್ತೇವೆ, ಬಡಿಸುವವರು ಬೇರೆ. ಹೀಗಾಗಿ ನಮಗೊಂದು ಚಟ ಅಂಟಿಕೊಳ್ಳುತ್ತದೆ. ಯಾವ ಪ್ರಶ್ನೆ ಕೇಳಿದರೂ "ಒಂದು ದೃಷ್ಟಿಯಿಂದ ನೋಡಿದರೆ" ಎಂದು ಶುರು ಮಾಡಿ, "ಆದರೆ ಇನ್ನೊಂದು ದೃಷ್ಟಿಯಿಂದ" ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ತರಗತಿಯಲ್ಲಿ ಇದು ವಿದ್ವತ್ತು. ಮನೆಯಲ್ಲಿ, ನೀರುದೋಸೆಯೋ ಉಪ್ಪಿಟ್ಟೋ ಎಂದು ಕೇಳಿದಾಗ, ಇದೇ ಉತ್ತರ ಕೊಟ್ಟು ನಾನು ಎರಡನ್ನೂ ಕಳೆದುಕೊಂಡದ್ದುಂಟು.

ಶಿಬಿರಗಳಿಗೂ ಈ ಚಟವನ್ನು ಹೊತ್ತುಕೊಂಡೇ ಹೋಗುತ್ತಿದ್ದೆವು. ದೀಪ ಬೆಳಗಿ, ಸ್ವಾಗತ ಮುಗಿಸಿ, ಕಾನೂನಿನ ಕಲಮುಗಳನ್ನು ಉದುರಿಸುತ್ತಿದ್ದರೆ ಎದುರಿನ ಹೆಂಗಸರು ಬಸ್ಸಿನ ಹೊತ್ತು ನೋಡಿಕೊಂಡು ಒಬ್ಬೊಬ್ಬರೇ ಏಳುತ್ತಿದ್ದರು. ಶಿಬಿರಗಳ ಉಸ್ತುವಾರಿ ಫ್ಲೋರಿನ್ ಮೇಡಂ ಕೈಗೆ ಬಂದಾಗ ಅವರು ವೇದಿಕೆಯನ್ನೇ ತೆಗೆಸಿದರು. ನಾವೂ ಜನರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು. ಯಾರಾದರೂ ಒಂದು ಪ್ರಶ್ನೆ ಕೇಳುವವರೆಗೆ ಯಾರೂ ಬಾಯಿ ತೆರೆಯುವಂತಿಲ್ಲ. ಸುಮ್ಮನೆ ಕೂರುವ ಆ ಹೊತ್ತು ಎಷ್ಟು ಕಷ್ಟವೆಂಬುದು ಮಾತಾಡಿ ಬದುಕುವವರಿಗೇ ಗೊತ್ತು.

ಕಾಪುವಿನ ಸಭಾಭವನದಲ್ಲಿ ಒಂದು ಮಧ್ಯಾಹ್ನ ಹಾಗೆ ಕೂತಿದ್ದೆವು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು, ಮಡಿಲಲ್ಲಿ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು. ಹೆಸರು ಶಶಿಕಲಾ. ಗಂಡ ಗಲ್ಫಿನಲ್ಲಿ. ಕಾರ್ಕಳದ ತವರಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ಕಟಪಾಡಿಯ ಗಂಡನ ಮನೆಯಲ್ಲಿ ಮೈದುನ ಬೀಗ ಬದಲಾಯಿಸಿ, ಇನ್ನು ಇಲ್ಲಿಗೆ ಬರಬೇಡ ಎಂದು ಹೇಳಿಬಿಟ್ಟಿದ್ದ. ಗಂಡ ಫೋನು ಎತ್ತುತ್ತಿರಲಿಲ್ಲ.

"ಮನೆ ಅತ್ತೆಯ ಹೆಸರಲ್ಲಿ ಉಂಟು. ನಾನು ಆ ಮನೆಗೆ ಹೋಗಬಹುದಾ, ಇಲ್ವಾ? ಅಷ್ಟು ಹೇಳಿ ಸಾಕು" ಎಂದಳು. "ಇಲ್ಲ ಅಂತಾದ್ರೆ ಕಾರ್ಕಳದ ಬಸ್ಸು ಹಿಡೀತೇನೆ. ಒಮ್ಮೆ ಹಾಗೆ ಹೋದ್ರೆ ಮತ್ತೆ ನನ್ನನ್ನು ಯಾರೂ ಕರೀಲಿಕ್ಕೆ ಇಲ್ಲ."

ನಮಗೆ ಎಂಥ ಹುರುಪು ಬಂತು ಅಂತೀರಿ! ಜೊತೆಗಿದ್ದ ಆಸ್ತಿ ಕಾನೂನಿನ ಮೇಷ್ಟ್ರು ಒಡೆತನದ ಪ್ರಶ್ನೆ ಎತ್ತಿದರು. ನಾನು "ಒಂದು ದೃಷ್ಟಿಯಿಂದ" ಎಂದು ಗಂಟಲು ಸರಿಪಡಿಸಿಕೊಂಡೆ. ಅವರು ಒಂದು ತೀರ್ಪು ಹೇಳಿದರೆ ನಾನು ಇನ್ನೊಂದು ಹೇಳಿದೆ. ಬಹಳ ಉನ್ನತ ಮಟ್ಟದ ಚರ್ಚೆ. ಶಶಿಕಲಾ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತ ನಿಂತಿದ್ದಳು. ನೋಡುತ್ತಲೇ ಅವಳ ಕೈ, ಹೊರಡುವವಳ ಹಾಗೆ, ಚೀಲದ ಹಿಡಿಕೆಯ ಕಡೆ ಹೋಯಿತು.

"ಹೋಗಬಹುದು" ಎಂದರು ಫ್ಲೋರಿನ್ ಮೇಡಂ.

"ಮದುವೆಯಾಗಿ ಬಂದು ಬಾಳಿದ ಮನೆ ಅದು. ಹೆಸರು ಯಾರದ್ದೇ ಇರಲಿ, ಹೀಗೆ ಬೀಗ ಹಾಕಿ ನಿನ್ನನ್ನು ಹೊರಗೆ ಮಾಡ್ಲಿಕ್ಕೆ ಕಾನೂನಿನಲ್ಲಿ ಇಲ್ಲ. ನೀನು ಕಟಪಾಡಿಗೇ ಹೋಗುದು. ನಡಿ, ನಾವೂ ಬರ್ತೇವೆ." ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮ ಇನ್ನೊಂದು ದೃಷ್ಟಿಯನ್ನು ಕಾಲೇಜಿನ ವ್ಯಾನಿನಲ್ಲಿ ಹೇಳಿ ಆಯ್ತಾ" ಎಂದರು.

ದಾರಿಯಲ್ಲೇ ಅವರು ಕೌಟುಂಬಿಕ ದೌರ್ಜನ್ಯದ ದೂರು ತೆಗೆದುಕೊಳ್ಳುವ ಅಧಿಕಾರಿಗೆ ಫೋನು ಮಾಡಿ ದೂರು ತಿಳಿಸಿದರು. ಕಟಪಾಡಿಯ ಆ ಮನೆಯ ಜಗಲಿಯಲ್ಲಿ ಮೈದುನ ಅಡ್ಡ ನಿಂತಿದ್ದ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರು? ಇವಳ ವಕೀಲರಾ?" ಎಂದು ಕೇಳಿದ. ಅಲ್ಲವಲ್ಲ, ನಾವು ವಕೀಲರಲ್ಲವಲ್ಲ.

"ಅಲ್ಲ. ನಾನು ವಕೀಲರಿಗೆ ಪಾಠ ಮಾಡುವವಳು" ಎಂದರು ಫ್ಲೋರಿನ್ ಮೇಡಂ, ಕುರ್ಚಿ ಎಳೆದು ಕೂರುತ್ತ. "ನಿನಗೆ ವಕೀಲರಿದ್ದರೆ ಫೋನು ಮಾಡು. ಸ್ಪೀಕರಿನಲ್ಲಿ ಹಾಕು."

ಅವನು ಮಾಡಿಯೇ ಮಾಡಿದ. ಆಚೆಯಿಂದ ವಕೀಲರ ಗತ್ತಿನ ಹಲೋ ಬಂತು. ಮೇಡಂ ತಮ್ಮ ಹೆಸರು ಹೇಳಿದರು. ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು ನಮಗೆಲ್ಲ ಕೇಳಿಸಿತು, ಅವರ ಹಳೆಯ ವಿದ್ಯಾರ್ಥಿ ತನ್ನ ಕಚೇರಿಯಲ್ಲೇ ಎದ್ದು ನಿಂತಿದ್ದ. ಅವರು ವಿಷಯ ಹೇಳಿದರು, ಅವನು ಕೇಳಿಸಿಕೊಂಡ. ಆಮೇಲೆ ಕಕ್ಷಿಗಾರನಿಗೆ, "ಮೇಡಂ ಹೇಳುದು ಸರಿ ಉಂಟು ಮಾರಾಯ. ಬಾಗಿಲು ತೆಗಿ. ಇಲ್ಲದಿದ್ರೆ ನಾಳೆ ಕೋರ್ಟಿನಲ್ಲಿ ನಾನು ಎಂತ ಹೇಳುದು?" ಎಂದ. ಬಾಗಿಲು ತೆರೆಯಿತು. ಶಶಿಕಲಾ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ, ಮೊದಲು ಮಾಡಿದ ಕೆಲಸವೆಂದರೆ ನಮಗೆ ಚಾ ಇಟ್ಟದ್ದು. ಅತ್ತೆ ಸಕ್ಕರೆ ಡಬ್ಬಿ ತೋರಿಸಲಿಲ್ಲ, ಚಾ ಸಪ್ಪೆಯಾಗಿತ್ತು. ನಾನಂತೂ ಎರಡನೆಯ ಲೋಟವನ್ನೂ ಕುಡಿದೆ.

ಅರ್ಜಿ, ಕೋರ್ಟಿನ ಆದೇಶ ಎಲ್ಲ ಆಮೇಲೆ ಕ್ರಮವಾಗಿ ಆಯಿತು. ನಮ್ಮ ಕಾಲೇಜಿನ ವಾರ್ಷಿಕ ವರದಿಯಲ್ಲಿ ಮಾತ್ರ ಆ ದಿನ "ಕಾಪುವಿನಲ್ಲಿ ಅರಿವು ಶಿಬಿರ ನಡೆಸಲಾಯಿತು" ಎಂಬ ಒಂದೇ ಸಾಲಾಗಿ ಉಳಿಯಿತು. ನನಗೆ ಫ್ಲೋರಿನ್ ಮೇಡಂ ಬಗ್ಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬೇಡಿ. ಅವರು ಓದಿದ್ದನ್ನೇ ನಾನೂ ಓದಿದ್ದೆ. ಎಲ್ಲ ತೀರ್ಪುಗಳನ್ನೂ ತಿಳಿದುಕೊಂಡ ಮೇಲೆ ಒಬ್ಬಳ ಮುಖ ನೋಡಿ ಒಂದೇ ಮಾತಿನ ಉತ್ತರ ಕೊಡಲು ಬೇಕಾದ ಧೈರ್ಯ ಅವರಲ್ಲಿತ್ತು. ಈ ವಾಕ್ಯವನ್ನೇ ಸನ್ಮಾನಪತ್ರದಲ್ಲಿ ಹಾಕೋಣವೆಂದು ಈಗಷ್ಟೇ ಬರೆಯತೊಡಗಿದ್ದೆ, ಫೋನು ಬಂತು.

"ಸಾರ್, ನಾನು ಕಟಪಾಡಿಯ ಶಶಿಕಲಾ. ಮೇಡಂ ಫೋನು ತೆಗೀತಾ ಇಲ್ಲ. ಇಲ್ಲಿ ಅಲೆವೂರಿನ ಹುಡುಗಿ ಒಬ್ಬಳು ಬಂದು ಕೂತಿದ್ದಾಳೆ. ಅಲ್ಲಿ ಗಂಡನ ಮನೆಯವರು ಬೀಗ ಹಾಕಿದ್ದಾರಂತೆ, ಥೇಟ್ ನಂದೇ ಕತೆ. ನೀನು ಆ ಮನೆಗೆ ಹೋಗಬಹುದು ಅಂತ ನಾನು ಅವಳಿಗೆ ಹೇಳಿ ಆಗಿದೆ. ಜೊತೆಗೆ ನಾನೂ ಹೊರಟಿದ್ದೇನೆ. ಸರಿ ಅಲ್ವಾ ಸಾರ್?"

ಒಂದು ದೃಷ್ಟಿ ನಾಲಗೆಯ ತುದಿಗೆ ಬಂದದ್ದು ನಿಜ.

"ಸರಿ" ಎಂದೆ. "ನಮ್ಮ ಮನೆ ಇರುವುದೂ ಅಲೆವೂರಿನಲ್ಲೇ. ಯಾವ ಮನೆ ಹೇಳಿ, ನಿಮಗಿಂತ ಮೊದಲು ಹೋಗಿ ಜಗಲಿಯಲ್ಲಿ ಕೂತಿರ್ತೇನೆ."